ಯಮುನ ಬಿಟ್ಟು ಓದಿದ ಒಂದು ಸಾಲು

ಬೆಳಗಿನ ಐದೂವರೆ. ಕಕ್ಕಬೆ ಬಳಿಯ ಕಾಫಿ ಎಸ್ಟೇಟೊಂದರ ಅಂಗನವಾಡಿ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ನಡುವೆ ಕಂಬಳಿ ಹೊದ್ದು ಕುಳಿತ ಯಮುನ ಮೊಬೈಲಿನಲ್ಲಿ ತಮ್ಮ ದನಿ ಮುದ್ರಿಸಿಕೊಳ್ಳುತ್ತಾ ಓದುತ್ತಿದ್ದಾರೆ: "ಗಂಡು ಪೆಂಗ್ವಿನ್ ಮೊಟ್ಟೆಯನ್ನು ಪಾದಗಳ ಮೇಲಿಟ್ಟುಕೊಂಡು ಎರಡು ತಿಂಗಳು ಉಪವಾಸ ನಿಲ್ಲುತ್ತದೆ. ಹೆಣ್ಣು ಪೆಂಗ್ವಿನ್ ಮೀನು ತರಲು ಸಮುದ್ರಕ್ಕೆ ಹೋಗುತ್ತದೆ." ಹೊರಗೆ ಪಿಕಿಂಗಿಗೆ, ಅಂದರೆ ಕಾಫಿ ಹಣ್ಣು ಕೀಳಲು, ಹೊರಟವರ ಜೀಪು ಸದ್ದು ಮಾಡುತ್ತದೆ. ನಿಲ್ಲಿಸಿ, ಮತ್ತೆ ಮೊದಲಿನಿಂದ ಓದುತ್ತಾರೆ. ಮೂಟೆಗಳಿದ್ದರೆ ದನಿ ಗುಂಯ್‌ಗುಡುವುದಿಲ್ಲವೆಂದು, ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ನಲವತ್ತಾರರ ಯಮುನ ಇಲ್ಲಿನ ಕಾರ್ಯಕರ್ತೆ. ತೋಟದ ಕಾರ್ಮಿಕರ ಲೈನ್ ಮನೆಗಳ ತಾಯಂದಿರು ಬೆಳಕು ಹರಿಯುವ ಮುಂಚೆ ತೋಟಕ್ಕೆ ಹೋದರೆ, ಅಂಗನವಾಡಿ ತೆರೆಯುವವರೆಗೆ ಮನೆಯಲ್ಲಿ ಮಕ್ಕಳಷ್ಟೇ. ಆ ಹೊತ್ತಿಗೆಂದೇ ಪ್ರಾಣಿಗಳ ಕುರಿತ ಪುಸ್ತಕಗಳನ್ನು ಓದಿ ಮನೆಮನೆಯ ಹಳೇ ಮೊಬೈಲಿಗೆ ಕಳಿಸುತ್ತಾರೆ. ನಾಲ್ಕು ವರ್ಷ, ಇಪ್ಪತ್ತಮೂರು ಪುಸ್ತಕ, ಹತ್ತೊಂಬತ್ತು ಮಕ್ಕಳು. ಇಲಾಖೆಯ ಮೇಲಿನವರು ಕೇಳುವುದು ಮಕ್ಕಳ ತೂಕದ ಪಟ್ಟಿ ಮಾತ್ರ.

"ಕಥೆ ಕಟ್ಟೋಕೆ ನಂಗೆ ಬರಲ್ಲ. ಪುಸ್ತಕದಲ್ಲಿ ಉಂಟಲ್ಲ, ಅದನ್ನ ಹಾಗೇ ಓದೋದು," ಎನ್ನುತ್ತಾರೆ.

ಪೆಂಗ್ವಿನ್ ಪುಸ್ತಕವನ್ನು ಮೊದಲ ಸಲ ಹಾಗೆ ಓದಲಾಗಲಿಲ್ಲ. ಕಳೆದ ಪಿಕಿಂಗ್ ಹಂಗಾಮಿನಲ್ಲಿ ಐದು ವರ್ಷದ ಧನುಶ್ರೀಯ ತಾಯಿಯನ್ನು ತೋಟದಲ್ಲೇ ಆನೆ ಕೊಂದಿತ್ತು. ಪುಸ್ತಕದಲ್ಲಿ 'ಕೆಲವು ತಾಯಂದಿರು ಹಿಂತಿರುಗುವುದಿಲ್ಲ' ಎಂಬ ಸಾಲಿತ್ತು. ಆ ಮಗುವನ್ನು ನೆನೆದು ಯಮುನ ಅದೊಂದನ್ನು ಬಿಟ್ಟು ಓದಿದರು. ಕೇಳಿದ ಮಗು ಮರುದಿನದಿಂದ ಸಂಜೆ ಎಸ್ಟೇಟ್ ಗೇಟಿನಲ್ಲಿ ನಿಲ್ಲತೊಡಗಿತು. ವಾರದ ಮೇಲೆ ತಂದೆ ಸಣ್ಣಸ್ವಾಮಿ ಯಮುನ ಬಳಿ ಬಂದರು.

"ಅಕ್ಕಾ, ಅವ್ವಂದಿರೆಲ್ಲ ಮೀನು ತಕ್ಕೊಂಡು ವಾಪಸ್ ಬತ್ತಾರೆ ಅಂತ ಮೊಬೈಲಲ್ಲಿ ನೀವೇ ಹೇಳಿದ್ರಂತೆ. ಕರೆದ್ರೂ ಬರಾಕಿಲ್ಲ ಅಂತಾಳೆ. ನಾನೇನ್ ಹೇಳ್ಲಿ?"

"ಒಳ್ಳೇದು ಮಾಡೋಕೆ ಹೋಗಿ ಮಗೂನ ಗೇಟಲ್ಲಿ ನಿಲ್ಲಿಸಿಬಿಟ್ಟೆ," ಎನ್ನುವಾಗ ಯಮುನ ಅವರಿಗೆ ತಮ್ಮ ಮೇಲೇ ಸಿಟ್ಟು. ಅದಕ್ಕೇ ಇವತ್ತು ಮತ್ತೆ ಓದಿದ್ದು, ಆ ಸಾಲು ಸೇರಿಸಿ.

ಹತ್ತು ಗಂಟೆಗೆ ಧನುಶ್ರೀಯನ್ನು ಮಡಿಲಲ್ಲಿ ಕೂರಿಸಿಕೊಂಡು ಅದನ್ನು ಕೇಳಿಸುತ್ತಾರೆ. ಆ ಸಾಲು ಬಂದಾಗ ಮಗು ತಲೆಯೆತ್ತಿ ಇವರ ಮುಖ ನೋಡುತ್ತದೆ.

"ನಮ್ಮವ್ವನೂ ಬರಲ್ವಾ ಟೀಚರ್?"

"ಇಲ್ಲ ಕಂದಾ. ಬರಲ್ಲ."

ಮಗು ಬಹಳ ಹೊತ್ತು ಅಳುತ್ತದೆ. ನನಗೆ ಎದ್ದು ಹೊರಗೆ ಹೋದರೆ ಸಾಕೆನಿಸುತ್ತದೆ. ಯಮುನ ಅಲುಗಾಡದೆ ಕೂತಿರುತ್ತಾರೆ. ಸಂಜೆ ಸಣ್ಣಸ್ವಾಮಿ ಬರುವಾಗ ಗೇಟಿನಲ್ಲಿ ಯಾರೂ ಇಲ್ಲ. ಮಗಳು ಲೈನ್ ಮನೆಯ ಬಾಗಿಲಲ್ಲಿ ಕೂತು ಅಪ್ಪನ ದಾರಿ ನೋಡುತ್ತಿದ್ದಾಳೆ.

ನಿಮಗೇನಾಗಬೇಕು ಹೇಳಿ, ಬರೆಯುತ್ತೇನೆ ಎಂದು ನಾನು ಕೇಳಿದರೆ ಯಮುನ ಪೆಂಗ್ವಿನ್ ಪುಸ್ತಕವನ್ನು ಮಡಚಿಡುತ್ತಾರೆ.

"ಇನ್ನು ಒಂದು ಸಾಲೂ ಬಿಡಲ್ಲ ಸರ್. ಆದ್ರೆ ಅಂಥ ಸಾಲು ಬಂದಾಗ ಮಗು ಒಂದೇ ಕೂತು ಕೇಳಬಾರದು. ಪಕ್ಕದಲ್ಲಿ ನಾನಿರ್ಬೇಕು, ಅಷ್ಟೇ."