ಪಾಪ ಅಲ್ರಿ, ಪಾಪ್!

ಬ್ಯಾಡಗಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಖಾರದಪುಡಿ ಗಿರಣಿಯೊಂದರ ಮುಂದೆ ಸ್ಕೂಟಿ ನಿಲ್ಲಿಸಿ, ಜೋರಾಗಿ ಸೀನಿ, ವೇಲಿನಿಂದ ಮೂಗು ಮುಚ್ಚಿಕೊಂಡು ಪುಷ್ಪಾವತಿ ಒಳಗೆ ನುಗ್ಗುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾನೂ ಹಿಂದೆಯೇ. ಬಂದಿರುವುದು ಹಾವೇರಿಯಿಂದ. ಅಂಗಡಿ, ಗಿರಣಿಗಳ ಇ-ಮೇಲ್ ಸರಿಪಡಿಸುವುದು ಇವರ ಕಸುಬು. ವ್ಯಾಪಾರ ಶುರುವಾದರೆ ಕಂಪ್ಯೂಟರ್ ಮುಟ್ಟಲು ಯಾರೂ ಬಿಡುವುದಿಲ್ಲ, ಹಾಗಾಗಿ ನಸುಕಿನಲ್ಲೇ ಕೆಲಸ.

ಒಳಗೆ ಇಬ್ಬರು ನೆಗೆಣ್ಣಿಯರು, ಅಂದರೆ ಅಣ್ಣ-ತಮ್ಮಂದಿರ ಹೆಂಡಂದಿರು, ಮುಖ ತಿರುಗಿಸಿಕೊಂಡು ಕೂತಿದ್ದಾರೆ. ಹಿರಿಯವರು ಅರುಣಾ, ಗಿರಣಿ ನೋಡಿಕೊಳ್ಳುತ್ತಾರೆ. ರಾಣೆಬೆನ್ನೂರಿನಲ್ಲಿದ್ದು ಗಿರಾಕಿ ಹಿಡಿಯುವ ಕಿರಿಯ ನಿರ್ಮಲಾ ಮೊದಲ ಬಸ್ಸಿಗೇ ಬಂದಿಳಿದಿದ್ದಾರೆ. ಒಂದೇ ಇ-ಮೇಲ್ ಖಾತೆ ಇಟ್ಟುಕೊಂಡು ಇಬ್ಬರೂ ಸೇರಿ ಕಟ್ಟಿದ ವ್ಯಾಪಾರ ಇವತ್ತು ಒಡೆಯುವುದರಲ್ಲಿದೆ!

“ಪುಣೆ ಗಿರಾಕಿ ಮೇಲ್ ಕಳಿಸೇನಿ ಅಂತಾನ. ನನ್ನ ಫೋನಿನ್ಯಾಗ ಒಂದೂ ಇಲ್ಲ. ಅಕ್ಕಾನ ಅಳಿಸಿ ಹಾಕ್ಯಾಳ,” ಎನ್ನುತ್ತಾರೆ ನಿರ್ಮಲಾ.

“ನಾ ಯಾಕ ಅಳಿಸಲಿ? ಇಲ್ಲೇ ಕಂಪ್ಯೂಟರ್‌ನ್ಯಾಗ ಅದಾವ ನೋಡು. ನಿನಗೂ ಬಂದಾವು, ಉತ್ತರಾ ಕೊಡದ ಸೊಕ್ಕಿಲೆ ಕುಂತೀದಿ ಅಂದ್ಕೊಂಡಿದ್ದೆ!” ಅರುಣಾ ಸಿಡಿಯುತ್ತಾರೆ.

ಪುಷ್ಪಾವತಿ ಕಂಪ್ಯೂಟರಿನ ಸೆಟ್ಟಿಂಗ್ ತೆರೆದವರೇ ಚಪ್ಪಾಳೆ ತಟ್ಟುತ್ತಾರೆ. “ಸಿಕ್ತು! ಯಾರೂ ಕಳ್ಳರಲ್ರಿ. ಇದೆಲ್ಲಾ ಪಾಪ್ ಮಾಡಿದ್ದು.”

“ನಾ ಏನ್ ಪಾಪ ಮಾಡೇನ್ರಿ?” ಅರುಣಾ ಕಣ್ಣಲ್ಲಿ ನೀರು.

“ಅಯ್ಯ ಯವ್ವಾ! ಪಾಪ ಅಲ್ರಿ, ಪಾಪ್! ಮೇಲ್ ತರಿಸ್ಕೊಳ್ಳೂ ಒಂದು ರೀತಿ. ಮಾರ್ಕೆಟ್ಟಿನ್ಯಾಗಿನ ರಾಶಿ ಒಬ್ಬರ ಬಳದಂಗ, ಬಂದ ಮೇಲ್ ಎಲ್ಲಾ ಈ ಕಂಪ್ಯೂಟರ್ ಚೀಲಕ್ಕ ತುಂಬ್ಕೊಂಡು ಮನಿಗೆ ಒಯ್ತೈತಿ. ಆಮ್ಯಾಲ ಫೋನಿಗೆ ಏನ್ ಉಳೀತೈತಿ? ಐಮ್ಯಾಪ್ ಅಂತ ಇನ್ನೊಂದೈತಿ. ಅದರಾಗ ರಾಶಿ ಮಾರ್ಕೆಟ್ಟಿನ್ಯಾಗ, ಅಂದ್ರ ಮೇಲ್ ಕಂಪನಿ ಸರ್ವರಿನ್ಯಾಗ, ಇರತೈತಿ, ಇಬ್ರೂ ನೋಡಬಹುದು.”

ನನಗಂತೂ ಅಲ್ಲೇ ಕುಣಿಯಬೇಕೆನಿಸುತ್ತದೆ. ಇಷ್ಟಕ್ಕೇ ಒಂದು ಮನೆ ಎರಡಾಗುತ್ತಿತ್ತಲ್ಲ ಮಾರಾಯರೇ!

ರಿಪೇರಿ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಧೂಳು ಒರೆಸುತ್ತಾ ಪುಷ್ಪಾವತಿ ಈ ವಿದ್ಯೆ ಕಲಿತವರು. “ಮೊದಲ ಹೋದಲ್ಲೆಲ್ಲಾ ‘ಗಂಡಸರು ಯಾರೂ ಬರಂಗಿಲ್ಲೇನ್ರಿ’ ಅಂತಿದ್ರು. ಈಗ ಅವರಾಗೇ ಫೋನ್ ಮಾಡ್ತಾರ,” ಎಂದು ನಗುತ್ತಾರೆ. ದಿನಕ್ಕೆ ನಾಲ್ಕೈದು ಕಡೆ ತಿರುಗಾಟ. ಹಾಗಂತ ಎಲ್ಲರಿಗೂ ಐಮ್ಯಾಪ್ ಹಾಕಿ ಕೈತೊಳೆದುಕೊಳ್ಳುವವರಲ್ಲ. “ಹಲಗೇರಿ ಹೇಮಪ್ಪಣ್ಣಂದು ಬೀಜದಂಗಡಿ. ಮೇಲ್ ನೋಡಾವ್ರು ಅವರೊಬ್ಬರ, ಇರೂದು ಒಂದ ಕಂಪ್ಯೂಟರ್. ನೆಟ್ ಕಣ್ಣಾಮುಚ್ಚಾಲೆ ಆಡತೈತಿ. ನೆಟ್ ಇಲ್ದಾಗೂ ಹಳೇ ಮೇಲ್ ಕೈಗೆ ಸಿಗಬೇಕು. ಅವರಿಗೆ ಪಾಪ್ ಚಲೋ. ಯಾರ್‍ಯಾರು, ಎಲ್ಲೆಲ್ಲಿ ನೋಡ್ತಾರ ಅಂತ ಮೊದಲ ಕೇಳಬೇಕ್ರಿ.”

ಮಾತಾಡುತ್ತಲೇ ಗಿರಣಿಯ ಖಾತೆಯನ್ನು ಐಮ್ಯಾಪ್‌ಗೆ ಬದಲಿಸಿ, ಕಂಪ್ಯೂಟರಿನಲ್ಲೇ ಉಳಿದಿದ್ದ ಮೇಲ್‌ಗಳನ್ನು ಮತ್ತೆ ಸರ್ವರಿಗೆ ಏರಿಸುತ್ತಾರೆ. ನಿರ್ಮಲಾ ಫೋನಿನಲ್ಲಿ ಒಂದೊಂದೇ ಕಾಣತೊಡಗುತ್ತವೆ. ಪುಣೆಯದೂ ಬಂತು! ಇವತ್ತು ಸಂಜೆಯೊಳಗೆ ಆರ್ಡರಿಗೆ ಒಪ್ಪಿಗೆ ತಿಳಿಸಬೇಕಂತೆ.

ನಿರ್ಮಲಾ ಗಡಿಬಿಡಿಯಲ್ಲಿ ಫೋನಿನಲ್ಲೇ ಉತ್ತರ ಬರೆದು ಕಳಿಸುತ್ತಾರೆ. ಕಳಿಸಿದ್ದು ಗಿರಣಿಯ ಕಂಪ್ಯೂಟರಿನಲ್ಲೂ ಮೂಡುತ್ತದೆ. ಕೆಳಗೆ ಇಬ್ಬರ ಹೆಸರು. ಅರುಣಾ ಬಗ್ಗಿ ಓದುತ್ತಾರೆ.

“ನನ್ನ ಹೆಸರು ಮೊದಲ ಬರದೀಯಲ್ಲ?”

“ಹಿರ್‍ಯಾಕಿ ಅಲ್ಲೇನಕ್ಕಾ ನೀ!”

ಇಬ್ಬರೂ ಅಳುತ್ತಾ ನಗುತ್ತಿರುವಾಗ ಪುಷ್ಪಾವತಿ ಮೆಲ್ಲಗೆ ಹೊರಬಂದು ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. ನಿಮಗೇನು ಆಸೆ ಎಂದು ನಾನು ಕೇಳಿದರೆ ಮತ್ತೊಮ್ಮೆ ಸೀನಿ ಹೇಳುತ್ತಾರೆ:

“ಮಂದಿ ಜಗಳಾ ಆಡೂಕಿಂತ ಮೊದಲ ನನಗೊಂದು ಫೋನ್ ಮಾಡ್ಲಿ. ಅಷ್ಟ ಸಾಕ್ರಿ.”