ಅಮ್ಮಿಯ ಒದ್ದೆ ಪ್ಲಾಸ್ಟರ್

ಮೂಳೆ ಡಾಕ್ಟರು ಅಮ್ಮಿಯ ಕೈಯ ಪ್ಲಾಸ್ಟರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬೆರಳು ಒಳಕ್ಕೆ ಹೋಯಿತು. ಕಲ್ಲಿನ ಹಾಗಿರಬೇಕಾದದ್ದು ಚಹಾದಲ್ಲಿ ಅದ್ದಿದ ರಸ್ಕಿನ ಹಾಗಿತ್ತು. ಅವರು ನನ್ನ ತಾಯಿಯನ್ನು ಬಿಟ್ಟು ನನ್ನ ಮುಖ ನೋಡಿದರು.

“ಏನ್ ಮೇಡಂ, ಸ್ವಿಮ್ಮಿಂಗ್‌ಗೆ ಕರ್ಕೊಂಡು ಹೋಗಿದ್ರಾ?”

ಅಮ್ಮಿ ಏನೂ ಅರಿಯದವಳ ಹಾಗೆ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡುತ್ತ ಕೂತಿದ್ದಳು. ನಾನು ಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ದಿನವಿಡೀ ಮಕ್ಕಳನ್ನು ಬೈದು ಅಭ್ಯಾಸವೇ ಹೊರತು ಬೈಸಿಕೊಂಡು ಅಭ್ಯಾಸವಿಲ್ಲ. ಜಯನಗರದ ಆ ಕ್ಲಿನಿಕ್ಕಿನಲ್ಲಿ ಅವತ್ತು ಚೆನ್ನಾಗಿ ಬೈಸಿಕೊಂಡೆ.

ಹೊಸ ಪ್ಲಾಸ್ಟರ್ ಸುತ್ತುತ್ತ ಡಾಕ್ಟರು ಅಮ್ಮಿಗೆ ಹೇಳಿದರು. “ನೋಡಿ ಅಮ್ಮಾ, ಇನ್ನೊಂದ್ಸಲ ಇದು ನೆನೆದ್ರೆ ಮಣಿಕಟ್ಟಿನ ಮೂಳೆ ಸೊಟ್ಟ ಕೂರುತ್ತೆ. ಆಮೇಲೆ ಜನ್ಮದಲ್ಲಿ ಅಂಗೈ ನೆಲಕ್ಕೆ ಊರೋಕಾಗಲ್ಲ.”

ಅಮ್ಮಿ ಬೆಚ್ಚಿದ್ದನ್ನು ನಾನು ನೋಡಿದೆ. ಅಂಗೈ ಊರದೆ ನಮಾಜಿನಲ್ಲಿ ಸಜ್ದಾ ಹೇಗೆ ಮಾಡುವುದು? ಹಣೆಯ ಜೊತೆಗೆ ಎರಡು ಅಂಗೈಯೂ ನೆಲ ಮುಟ್ಟಬೇಕು. ಹೆದರಿದಳಲ್ಲ, ಇನ್ನು ಬುದ್ಧಿ ಬಂತು ಎಂದುಕೊಂಡೆ. ಬುದ್ಧಿ ಬರಲಿಲ್ಲ.

ಕೈ ಮುರಿದದ್ದಾದರೂ ಹೇಗೆ? ವುಜೂ ಮಾಡಿ ಹೊರಗೆ ಬರುವಾಗ ತಾನೇ ಚೆಲ್ಲಿದ ನೀರಿನಲ್ಲಿ ತಾನೇ ಜಾರಿಬಿದ್ದು. ವುಜೂ ಎಂದರೆ ನಮಾಜಿಗೆ ಮೊದಲು ಮಾಡುವ ಶುದ್ಧಿ. ಅಂಗೈ, ಬಾಯಿ, ಮೂಗು, ಮುಖ, ಆಮೇಲೆ ಮೊಣಕೈವರೆಗೆ ಎರಡೂ ಕೈ, ತಲೆಗೆ ಒದ್ದೆ ಕೈ ಸವರುವುದು, ಕೊನೆಗೆ ಪಾದ. ಹೆಚ್ಚಿನವರಿಗೆ ಎರಡು ನಿಮಿಷದ ಕೆಲಸ. ಅಮ್ಮಿಗೆ ಅದೊಂದು ಯಜ್ಞ. ಒಂದು ಕೂದಲೆಳೆಯಷ್ಟು ಜಾಗ ಒಣಗಿದ್ದರೂ ನಮಾಜ್ ಸಲ್ಲುವುದಿಲ್ಲ ಎಂದು ಹಿಮ್ಮಡಿಯನ್ನು ಉಜ್ಜಿ ಉಜ್ಜಿ ತೊಳೆಯುತ್ತಾಳೆ. ಅವಳು ಬಚ್ಚಲಿನಿಂದ ಬಂದ ಮೇಲೆ ಅಲ್ಲಿ ಭತ್ತ ನಾಟಿ ಮಾಡಬಹುದು.

ಮೊದಲ ಪ್ಲಾಸ್ಟರ್ ಬಿದ್ದದ್ದು ಸರಿಯಾಗಿ ಬಲಗೈಗೆ, ಬೆರಳುಗಳ ಬುಡದಿಂದ ಮೊಣಕೈ ಹತ್ತಿರದವರೆಗೆ. ಇದಕ್ಕೆ ನಮ್ಮಲ್ಲಿ ದಾರಿ ಇಲ್ಲವೆಂದಲ್ಲ. ಗಾಯಕ್ಕೆ ಕಟ್ಟಿದ ಪಟ್ಟಿಯ ಮೇಲೆ ಒದ್ದೆ ಕೈ ಸವರಿದರೆ ಸಾಕು, ತೊಳೆದ ಹಾಗೇ ಲೆಕ್ಕ. ಇದಕ್ಕೆ ಮಸಹ್ ಅನ್ನುತ್ತಾರೆ. ನಾನು ಇದನ್ನು ಹೇಳಿದರೆ ಅಮ್ಮಿ ನಂಬುವಳೇ? ವಾರಕ್ಕೊಮ್ಮೆ ನೆನಪಾದರೆ ನಮಾಜ್ ಮಾಡುವವಳು ನಾನು. ಅದಕ್ಕೇ ನಮ್ಮ ಮಸೀದಿಯ ಹಜ್ರತ್ತರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಅಮ್ಮಿಯ ಕಿವಿಯ ಹತ್ತಿರ ಹಿಡಿದೆ.

“ಸವರಿದ್ರೆ ಸಾಕಮ್ಮ. ಧರ್ಮ ನಿಮಗೆ ಕಷ್ಟ ಕೊಡೋಕೆ ಬಂದಿಲ್ಲ,” ಅಂದರು ಹಜ್ರತ್ತರು, ಪಾಪ, ತುಂಬ ಮೃದುವಾಗಿ.

ಅಮ್ಮಿ “ಜೀ ಹಜ್ರತ್, ಜೀ ಹಜ್ರತ್” ಅಂದಳು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, “ಅವ್ರಿಗೇನ್ ಗೊತ್ತು? ಮೊನ್ನೆ ಮೊನ್ನೆ ಬಂದೋರು,” ಅಂದಳು. ಮನೆಯಲ್ಲಿ ನಮ್ಮದು ಉರ್ದು. ಆದರೆ ತಲಘಟ್ಟಪುರದ ಕಡೆ ಹುಟ್ಟಿ ಬೆಳೆದ ಅಮ್ಮಿಗೆ ಜಗಳ ಬಂತೆಂದರೆ ಕನ್ನಡವೇ ಆಗಬೇಕು. ಆ ದಿನಗಳಲ್ಲಿ ಮನೆಯಲ್ಲಿ ಉರ್ದು ಕಿವಿಗೆ ಬಿದ್ದದ್ದೇ ಕಡಿಮೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಪೂಜಾರಿಯೂ ಕೊಟ್ಟಾಯಿತು, ಅಮ್ಮಿ ತೆಗೆದುಕೊಳ್ಳಲು ಒಪ್ಪಲಿಲ್ಲ.

ಸರಿ, ನೀರಾದರೂ ತಾಗದಿರಲಿ ಎಂದು ಬ್ರೆಡ್ಡಿನ ಕವರು, ಅದರ ಮೇಲೆ ಹಾಲಿನ ಕವರು, ಮೇಲೊಂದು ಕೆಳಗೊಂದು ರಬ್ಬರ್ ಬ್ಯಾಂಡು ಹಾಕಿ ಪ್ಯಾಕ್ ಮಾಡಿದೆ. ಪ್ಯಾಕ್ ಆಗಿಯೇ ಒಳಗೆ ಹೋಗುತ್ತಿದ್ದಳು, ಪ್ಯಾಕ್ ಆಗಿಯೇ ಹೊರಗೆ ಬರುತ್ತಿದ್ದಳು. ಆದರೂ ಮೊದಲ ಪ್ಲಾಸ್ಟರ್ ನೆನೆದಿತ್ತಲ್ಲ, ಹೇಗೆ? ಬಚ್ಚಲ ಬಾಗಿಲ ಸಂದಿಯಲ್ಲಿ ಇಣುಕಿದಾಗ ಗೊತ್ತಾಯಿತು. ಎಡಗೈಯಿಂದ ಎಳೆದು, ಹಲ್ಲಿನಿಂದ ಕಚ್ಚಿ ಕವರುಗಳನ್ನು ಬಿಚ್ಚಿ, ಪ್ಲಾಸ್ಟರನ್ನು ನಲ್ಲಿಯ ಕೆಳಗೆ ಹಿಡಿದು, ಮೂರು ಮೂರು ಸಲ ತೊಳೆದು, ಮತ್ತೆ ಅದೇ ಕವರು ಏರಿಸಿಕೊಳ್ಳುತ್ತಿದ್ದಳು. ಆ ವಯಸ್ಸಿನಲ್ಲಿ ಆ ಚುರುಕು!

ನನಗೆ ರೋಗಿಗಳ ಸೇವೆ ಹೊಸದಲ್ಲ. ನನ್ನ ತಂದೆ, ಅಬ್ಬಾ, ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಕಳೆದಾಗಲೂ ಮಧ್ಯಾಹ್ನದ ಪಾಳಿ ನನ್ನದೇ. ಗಂಟಲಿಗೆ ನಳಿಕೆ ಹಾಕಿದ್ದರು, ಮಾತಿಲ್ಲ. ಬಲಗೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು. ಆ ಪಟ್ಟಿಯೊಳಗಿಂದ ತೋರುಬೆರಳು ಎತ್ತುತ್ತಿದ್ದರು. ಮೇಲೆ ಫ್ಯಾನು. ಜೋರು ಮಾಡು ಅನ್ನುತ್ತಾರೆಂದು ಎದ್ದು ಜೋರು ಮಾಡುತ್ತಿದ್ದೆ. ಅಷ್ಟಕ್ಕೇ ಮುಗಿಯಿತೇ? ಆಮೇಲೆ ಕತ್ತು ಆ ಕಡೆ, ಈ ಕಡೆ. ದಿಂಬು ಒತ್ತುತ್ತಿದೆಯೆಂದು ದಿಂಬು ಎಳೆದು ಸರಿಮಾಡುತ್ತಿದ್ದೆ. ಸ್ವಲ್ಪ ಹೊತ್ತಾದರೆ ಮತ್ತೆ ಬೆರಳು, ಮತ್ತೆ ಫ್ಯಾನು, ಮತ್ತೆ ದಿಂಬು. ಆಗಲೂ ಒಳಗೊಳಗೇ ರೇಗುತ್ತಿತ್ತು. ಈ ಮನೆಯಲ್ಲಿ ರೋಗಿಗಳನ್ನು ತೃಪ್ತಿಪಡಿಸುವುದು ನನ್ನ ಹಣೆಯಲ್ಲಿ ಬರೆದಿಲ್ಲ ಅನ್ನಿಸುತ್ತಿತ್ತು.

ಹೊಸ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ. ಶಾಲೆಗೆ ರಜೆ ಹಾಕಿದೆ. ಬಚ್ಚಲಿಗೆ ಅವಳೊಬ್ಬಳನ್ನೇ ಬಿಡಲಿಲ್ಲ. ಆಗ ಅಮ್ಮಿ ಹೊಸ ವರಸೆ ತೆಗೆದಳು. “ಮಣ್ಣು ತಂದ್ಕೊಡು. ತಯಮ್ಮುಮ್ ಮಾಡ್ತೀನಿ.”

ನೀರು ಸಿಗದವರು, ನೀರು ಮುಟ್ಟಬಾರದವರು ಶುದ್ಧವಾದ ಮಣ್ಣಿಗೆ ಅಂಗೈ ತಾಗಿಸಿ ಮುಖಕ್ಕೆ, ಕೈಗೆ ಸವರಿಕೊಳ್ಳುವುದು ತಯಮ್ಮುಮ್. ಒಪ್ಪಿದೆ. ಆದರೆ ಶುದ್ಧವಾದ ಮಣ್ಣು? ಜರಗನಹಳ್ಳಿಯಲ್ಲಿ? ನಮ್ಮ ಬೀದಿ ಒಂದು ಕಾಲದಲ್ಲಿ ರಾಗಿ ಹೊಲವಂತೆ. ಈಗ ಗೇಟಿನಿಂದ ಗೇಟಿಗೆ ಕಾಂಕ್ರೀಟು. ಉಳಿದಿರುವ ಒಂದೇ ಒಂದು ಖಾಲಿ ಸೈಟು ಬೀದಿ ನಾಯಿಗಳದ್ದು, ಅವು ಅಲ್ಲಿ ಏನು ಮಾಡುತ್ತವೆಂದು ಬರೆಯಬೇಕಿಲ್ಲ. ನಾನು ಡಬ್ಬಿ ಹಿಡಿದು ನಿಂತಿದ್ದನ್ನು ಮಹಡಿಯಿಂದ ಮನೆ ಓನರ್ ಆಂಟಿ ನೋಡಿದರು.

“ಏನಮ್ಮ ಹುಡುಕ್ತಿದೀಯ?”

ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. “ಅಯ್ಯೋ, ನಮ್ಮತ್ತೆ ಮಡಿನೂ ಹಿಂಗೇ ಇತ್ತು ಕಣೇ. ಒಣಗಿದ ಸೀರೆ ಬೆಕ್ಕು ಮುಟ್ಟಿದ್ರೆ ಮತ್ತೆ ನೆನೆಸೋರು. ಬಾ, ನನ್ನ ಕುಂಡದ ಮಣ್ಣು ತಗೊಂಡ್ಹೋಗು, ಸಖತ್ತಾಗಿದೆ. ಈಗಷ್ಟೇ ಸೆಗಣಿ ಗೊಬ್ಬರ ಹಾಕಿದೀನಿ.”

ಸೆಗಣಿ! ಮುಗಿಯಿತು ಕಥೆ. ಅವರಿಗೆ ನಮಸ್ಕಾರ ಹೇಳಿ, ಮೂಲೆಯಲ್ಲಿ ಕಟ್ಟುತ್ತಿದ್ದ ಮನೆಯ ಮೇಸ್ತ್ರಿಯನ್ನು ಕಾಡಿ ಬೇಡಿ ಹೊಸ ಇಟ್ಟಿಗೆಯೊಂದನ್ನು ತಂದೆ. ಇಟ್ಟಿಗೆಯೂ ಮಣ್ಣೇ, ನಡೆಯುತ್ತದೆ. ಅಮ್ಮಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ನಲ್ಲಿಯ ಕಡೆ ನೋಡಿದಳು.

“ನಲ್ಲೀಲಿ ನೀರು ಬರ್ತಿದೆಯಲ್ಲ. ನೀರಿರೋ ಮನೇಲಿ ತಯಮ್ಮುಮ್ ಹೆಂಗಾಗುತ್ತೆ?”

ನಾನು ಇಟ್ಟಿಗೆಯನ್ನು ಬಾಗಿಲಿಗೆ ಅಡ್ಡ ಇಟ್ಟೆ. ಇವತ್ತಿಗೂ ಅದು ಅಲ್ಲೇ ಇದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಜೊತೆ ವಾದ ಮಾಡಬಹುದು. ಮೊಲವನ್ನೇ ಹಿಡಿಯದೆ ಕಾಲು ಎಣಿಸುವವರ ಜೊತೆ ಏನು ಮಾಡುವುದು?

ರಜೆ ಮುಗಿದು ಶಾಲೆಗೆ ಹೋದ ಮೊದಲ ದಿನವೇ ನಾನು ಹೆದರಿದ್ದು ಆಯಿತು. ಸಂಜೆ ಬಂದವಳೇ ಬ್ಯಾಗನ್ನೂ ಇಳಿಸದೆ ಪ್ಲಾಸ್ಟರ್ ಮುಟ್ಟಿ ನೋಡಿದೆ. ಅಂಚು ತಣ್ಣಗಿತ್ತು, ಒದ್ದೆ. ಮಧ್ಯಾಹ್ನದ ನಮಾಜಿನ ಕೆಲಸ. ನನ್ನ ತಲೆ ಕೆಟ್ಟುಹೋಯಿತು.

“ನಿನಗೇನಾಗಿದೆ ಅಮ್ಮಿ? ಕೈ ಸೊಟ್ಟ ಆಗ್ಲಿ ಅಂತಾನೇ ಮಾಡ್ತಿದೀಯಾ? ಸವರಿದ್ರೆ ಸಾಕು ಅಂತ ದೇವರೇ ಬಿಟ್ಟಿರೋದನ್ನ ನೀನು ಹಿಡ್ಕೊಂಡಿದೀಯ. ಅವನಿಗಿಂತ ಜಾಸ್ತಿ ತಿಳಿದವಳಾ ನೀನು? ನಾಳೆ ಸಜ್ದಾ ಮಾಡೋಕೂ ಆಗ್ದೆ ಕೂತ್ಕೋ, ಆಗ ಗೊತ್ತಾಗುತ್ತೆ!”

ತಾಯಿಯ ಮುಂದೆ ಹಾಗೆ ಕೂಗಬಾರದು. ಕೂಗಿದೆ. ಅವಳೂ ತಿರುಗಿ ಕೂಗುತ್ತಾಳೆಂದು ಕಾದೆ. ಅಮ್ಮಿ ಮಾತ್ರ ಮಂಚದ ಅಂಚಿನಲ್ಲಿ ಕೂತು ಪ್ಲಾಸ್ಟರನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಸವರಿದ್ರೆ ಸಾಕು ಅಂತಾದ್ರೆ ನಿಮ್ಮಬ್ಬಾ ಕಥೆ ಏನು?” ಅಂದಳು.

“ಅಬ್ಬಾ ಕಥೆ? ಯಾವ ಕಥೆ?” ಅಂದೆ.

“ಆಸ್ಪತ್ರೇಲಿ ಬೆಳಗ್ಗೆ ನಾನಿರ್ತಿದ್ದೆನಲ್ಲ. ಎಡಗೈಯಿಂದ ಬಲಗೈ ಸವರಿ ಸವರಿ ತೋರಿಸ್ತಿದ್ರು. ವುಜೂ ಮಾಡ್ಸು ಅಂತ. ನಾನೇ ಬೇಡ ಅಂದೆ. ಸೂಜಿ ಹಾಕಿದಾರೆ, ಪಟ್ಟಿ ಕಟ್ಟಿದಾರೆ, ನೀರು ಹಾಕೋಂಗಿಲ್ಲ, ವುಜೂ ಇಲ್ದೆ ನಮಾಜ್ ಆಗಲ್ಲ, ಮನೆಗೆ ಹೋದ್ಮೇಲೆ ಬಿಟ್ಟಿದ್ದೆಲ್ಲ ಸೇರಿಸಿ ಮಾಡೀರಂತೆ, ಸುಮ್ನಿರಿ ಅಂದೆ. ನನ್ನ ಮಾತಿಗೆ ಸುಮ್ನಾದ್ರು.” ಉಸಿರು ಎಳೆದುಕೊಂಡಳು. “ಮನೆಗೆ ಬರ್ಲಿಲ್ಲ. ಈಗ ಆ ಹಜ್ರತ್ ಸವರಿದ್ರೆ ಸಾಕು ಅಂತಾರೆ. ಸಾಕು ಅಂದ್ರೆ, ಅವರ ಕೊನೇ ನಮಾಜ್‌ಗಳನ್ನ ತಪ್ಪಿಸಿದ್ದು ನಾನು ಅಂತಾಯ್ತಲ್ಲ.”

ಇಷ್ಟು ದಿನ ಅವಳು ಪ್ಲಾಸ್ಟರನ್ನು ನಲ್ಲಿಗೆ ಹಿಡಿದದ್ದು ಇದಕ್ಕೆ. ಸವರುವುದು ಸಾಲದು ಎಂದಿದ್ದರೆ ಮಾತ್ರ ಅವಳು ಅಬ್ಬಾರಿಗೆ ಹೇಳಿದ್ದು ಸರಿಯಾಗುತ್ತಿತ್ತು. ನನಗೆ ಸಿಟ್ಟು ಹೋಗಲಿಲ್ಲ, ಯಾರ ಮೇಲೆ ಎಂಬುದು ಮಾತ್ರ ಗೊತ್ತಾಗದೆ ಹೋಯಿತು. ಮೊದಲೇ ಹೇಳಬಾರದಿತ್ತೇ? ಹೇಳಿದ್ದರೆ ತಾನೇ ನನಗೆ ಏನಾದರೂ ಹೊಳೆಯುತ್ತಿದ್ದದ್ದು ಎಂದು ಅವಳ ಮೇಲೇ ರೇಗಿತು, ಹೊಳೆದದ್ದು ಮಾತ್ರ ಏನೂ ಇಲ್ಲ.

ಅಷ್ಟರಲ್ಲಿ ಸಂಜೆಯ ಅಸರ್ ನಮಾಜಿನ ಹೊತ್ತು ಮೀರುತ್ತ ಬಂದಿತ್ತು. ಅಮ್ಮಿ ಎದ್ದಳು. ನಾನು ಕವರು ಹಾಕಿದೆ, ಅವಳು ಬಿಚ್ಚಲಿಲ್ಲ. ನಾನು ಮಗ್ಗಿನಲ್ಲಿ ನೀರು ಹಾಕಿದೆ. ಮುಖ ತೊಳೆದಳು, ಎಡಗೈ ತೊಳೆದಳು, ಬಲಗೈಯನ್ನು ಹಾಗೇ ಬಿಟ್ಟಳು. “ಇದು ಲೆಕ್ಕಕ್ಕಿಲ್ಲ. ಆಮೇಲೆ ಮತ್ತೆ ಮಾಡ್ತೀನಿ,” ಅಂದಳು. ಕವರು ತೆಗೆದು, ಅವಳ ತಲೆಗೆ ದುಪಟ್ಟಾ ಸುತ್ತಿಕೊಟ್ಟೆ. ಕುರ್ಚಿಯ ಮೇಲೆ ಕೂತು ನಮಾಜ್ ಶುರುಮಾಡಿದಳು.

ನಾನು ಒರೆಸುವ ಬಟ್ಟೆ ತಂದು ನೆಲದ ನೀರನ್ನು ಒರೆಸುತ್ತಿದ್ದೆ. ನಮಾಜಿನ ಕೊನೆಯಲ್ಲಿ ಕೂತು ದೇವರೊಬ್ಬನೇ ಎಂದು ಸಾಕ್ಷಿ ಹೇಳುವಾಗ ಬಲಗೈಯ ತೋರುಬೆರಳನ್ನು ಎತ್ತಬೇಕು. ಹುಟ್ಟಿದಾಗಿನಿಂದ ನೋಡಿದ್ದೇನೆ, ನಾನೂ ಎತ್ತಿದ್ದೇನೆ. ಅಮ್ಮಿಯ ತೊಡೆಯ ಮೇಲಿದ್ದ ಬಿಳಿ ಪ್ಲಾಸ್ಟರಿನೊಳಗಿಂದ ಒಂದೇ ಒಂದು ಬೆರಳು ಮೇಲಕ್ಕೆ ಬಂತು.

ಬಟ್ಟೆ ಕೈಯಲ್ಲೇ ನಿಂತಿತು. ಪಟ್ಟಿ ಸುತ್ತಿದ ಕೈ, ಅದರೊಳಗಿಂದ ಆ ಬೆರಳು. ಬೆರಳು ಇಳಿಯಿತು. ಸ್ವಲ್ಪ ಹೊತ್ತಿಗೆ ಅಮ್ಮಿ ನಮಾಜ್ ಮುಗಿಸುವ ಸಲಾಂ ಹೇಳುತ್ತ ಕತ್ತನ್ನು ಬಲಕ್ಕೆ ತಿರುಗಿಸಿದಳು, ಆಮೇಲೆ ಎಡಕ್ಕೆ.

“ಅಮ್ಮಿ,” ಅಂದೆ. “ಅಬ್ಬಾ ನಮಾಜ್ ಮಾಡ್ತಿದ್ರು.”

ಅವಳು ನನ್ನನ್ನೇ ನೋಡಿದಳು. ಫ್ಯಾನಿನ ಕಥೆ ಹೇಳಿದೆ. ದಿಂಬಿನ ಕಥೆ ಹೇಳಿದೆ. ಅಷ್ಟಕ್ಕೇ ಅಮ್ಮಿ ಬಿಡಬೇಕಲ್ಲ? ವಕೀಲರ ಹಾಗೆ ಕೇಳತೊಡಗಿದಳು.

“ಯಾವ ಬೆರಳು?”

“ಇದೇ ಬೆರಳು.”

“ಯಾವ ಕೈದು?”

“ಬಲಗೈ. ಪಟ್ಟಿ ಇತ್ತಲ್ಲ, ಅದೇ.”

“ಫ್ಯಾನ್ ಜೋರು ಮಾಡಿದ್ಮೇಲೆ ಇಳಿಸ್ತಿದ್ರಾ, ಅದಕ್ಕೆ ಮುಂಚೆನಾ?”

ನೆನಪು ಮಾಡಿಕೊಂಡೆ. “ನಾನು ಸ್ವಿಚ್ ಹತ್ರ ಹೋಗೋದ್ರೊಳಗೇ ಇಳಿಸ್ಬಿಡ್ತಿದ್ರು. ಅದಕ್ಕೇ ನಂಗೆ ಸಿಟ್ಟು ಬರ್ತಿತ್ತು.”

“ಕತ್ತು ಮೊದ್ಲು ಯಾವ ಕಡೆ?”

“ಗೋಡೆ ಕಡೆ. ಬಲಕ್ಕೆ. ಆಮೇಲೆ ನನ್ನ ಕಡೆ.”

ಅಮ್ಮಿ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆಂದು ಹತ್ತಿರ ಹೋದರೆ, “ಸಲಾಂ ಹೇಳೋರ ದಿಂಬು ಎಳೆದ್ಯಲ್ಲೇ, ಕತ್ತೆ!” ಎಂದು ನನ್ನ ತೋಳಿಗೆ ಹೊಡೆದಳು. ಆಮೇಲೆ ಅತ್ತಳು. ನಾನೂ ಅತ್ತೆ. ತನ್ನ ಮಾತು ಕೇಳಿಸಿಕೊಂಡು ಸುಮ್ಮನಾದ ಹಾಗೆ ಮಾಡಿ, ಪಟ್ಟಿಯ ಮೇಲೆ ಕೈ ಸವರಿಕೊಂಡೇ ತಮಗೆ ಬೇಕಾದ್ದನ್ನು ಮಾಡಿಕೊಂಡರು ಎಂದು ಅಬ್ಬಾರನ್ನೂ ಬೈದಳು. ಮದುವೆಯಾದಾಗಿನಿಂದ ಅವರದ್ದು ಅದೇ ಬುದ್ಧಿಯಂತೆ.

ಕನಕಪುರ ರಸ್ತೆಯಲ್ಲಿ ಬಸ್ಸುಗಳ ಹಾರನ್ ಜೋರಾಗುವ ಹೊತ್ತಿಗೆ ಮುಸ್ಸಂಜೆಯ ಮಗ್ರಿಬ್ ನಮಾಜಿನ ಅಜಾನ್ ಕೇಳಿತು. ಅಮ್ಮಿ ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿಸಿಕೊಂಡು ಕೂತಳು. ಕವರು ತಂದೆ. ಬೇಡ ಎಂದು ತಲೆಯಾಡಿಸಿದಳು. ಮುಖ ಆಯಿತು. ಬಲಗೈ ಸರದಿ ಬಂದಾಗ ಪ್ಲಾಸ್ಟರನ್ನು ನನ್ನ ಮುಂದೆ ಚಾಚಿದಳು.

“ನೀನೇ ಸವರು.”

ಪ್ಲಾಸ್ಟರಿನಾಚೆಯ ಬೆರಳುಗಳನ್ನು ತೊಳೆದೆ. ಆಮೇಲೆ ಅಂಗೈ ಒದ್ದೆ ಮಾಡಿ, ನೀರನ್ನು ಕೊಡವಿ, ಆ ಒರಟು ಬಿಳುಪಿನ ಮೇಲೆ ಬೆರಳ ಬುಡದಿಂದ ಮೊಣಕೈವರೆಗೆ ಸವರಿದೆ.

“ಟೇಬಲ್ ಒರೆಸಿದಂಗೆ ಒರೆಸ್ಬೇಡ. ಮೆಲ್ಲಗೆ.”

“ನಾನು ಸರಿಯಾಗೇ ಸವರ್ತಿದೀನಿ!”

“ಹಿಮ್ಮಡಿಗೆ ಸರಿಯಾಗಿ ನೀರು ಹಾಕು, ಒಣಗಿದೆ.”

ಹಾಕಿದೆ. ಅವಳು ಕುರ್ಚಿಗೆ ಹೋಗಿ ಕೂತು ನಮಾಜ್ ಮಾಡಿದಳು. ಬೆರಳು ಎತ್ತಿದಳು, ಬಲಕ್ಕೆ ತಿರುಗಿದಳು, ಎಡಕ್ಕೆ ತಿರುಗಿದಳು. ಮುಗಿದ ಮೇಲೆ ಚಹಾ ಕೇಳಿದಳು. ಮತ್ತೆ ಮಾಡ್ತೀನಿ ಅನ್ನಲಿಲ್ಲ.