ಕೋಳಿಗೂಡಿಗೆ ಕೆಂಪು ಗಾರೆ ನೆಲ

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮದುವೆಯಾಗಿ ಜಯನಗರಕ್ಕೆ ಬಂದಾಗ ನಮ್ಮ ಸಾಲಿನಲ್ಲಿದ್ದದ್ದು ಎರಡೇ ಮನೆ. ಮಿಕ್ಕಿದ್ದೆಲ್ಲ ಖಾಲಿ ಸೈಟು, ಲಂಟಾನ ಪೊದೆ. ನಮ್ಮ ಯಜಮಾನರು ನಸುಕಿನಲ್ಲೇ ಕಾರ್ಖಾನೆಯ ಬಸ್ಸು ಹತ್ತಿದರೆ ವಾಪಸ್ಸು ಬರುವುದು ದೀಪ ಹಚ್ಚಿದ ಮೇಲೆ. ಬಂದವರು ಉಂಡು, "ಸಾರು ಚೆನ್ನಾಗಿತ್ತು" ಅಂದರೆ ಆ ದಿನದ ಮಾತು ಮುಗಿಯಿತು. ಅರೆಕೆರೆಯಲ್ಲಿ ಮನೆ ತುಂಬ ಜನರ ನಡುವೆ ವಟವಟ ಅನ್ನುತ್ತ ಬೆಳೆದವಳು ನಾನು. ಇಲ್ಲಿ ಮಧ್ಯಾಹ್ನವೆಲ್ಲ ಗೋಡೆ ನೋಡುತ್ತ ಕೂತು ಅತ್ತಿದ್ದೂ ಉಂಟು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ನನ್ನ ಮುಖ ನೋಡಲಾರದೆ ಅವ್ವ ತವರಿನಿಂದ ಒಂದಷ್ಟು ನಾಟಿ ಕೋಳಿಗಳನ್ನು ಬುಟ್ಟಿಯಲ್ಲಿ ಹಾಕಿ ತಂದುಕೊಟ್ಟಳು. "ಮಾತಾಡ್ಸೋಕೆ ಏನಾದ್ರೂ ಇರ್ಲಿ, ಇಟ್ಕೊ" ಅಂದಳು. ಹಿತ್ತಲಲ್ಲಿ ಗೂಡು ಕಟ್ಟಿಸಿದೆವು. ಮಣ್ಣಿನ ನೆಲವನ್ನು ತವರಿನ ಪದ್ಧತಿಯಂತೆ ಸಗಣಿಯಿಂದ ಸಾರಿಸಿದೆ. ಅಲ್ಲಿಯದು ತಲೆಮಾರುಗಳಿಂದ ತುಳಿದು ಗಟ್ಟಿಯಾದ ನೆಲ. ಇಲ್ಲಿಯದು ಸೈಟು ಮಟ್ಟ ಮಾಡಲು ಸುರಿದ ಹೊಸ ಮಣ್ಣು. ಮೊದಲ ಮಳೆಗೇ ಗೂಡೊಳಗೆ ಕೆಸರಾಗಿ ಗಬ್ಬುನಾತ ಹೊಡೆಯಿತು.

ಪಕ್ಕದ ಮನೆಯಾಕೆ ನನ್ನನ್ನು ಮೊದಲ ಸಲ ಮಾತನಾಡಿಸಿದ್ದು ಆವತ್ತೇ. ಬಸವನಗುಡಿ ಕಡೆಯಿಂದ ಬಂದವರು, ನನಗಿಂತ ಬಹಳ ದೊಡ್ಡವರು, ಮಡಿ ಜಾಸ್ತಿ. ಅವರ ಮನೆಯಲ್ಲಿ ಹಗಲೆಲ್ಲ ರೇಡಿಯೋ ಕೇಳಿಸುತ್ತಿತ್ತು. ಪುಣ್ಯವಂತರು, ಬೇಸರ ಅನ್ನುವುದೇ ಗೊತ್ತಿರಲಾರದು ಎಂದುಕೊಂಡಿದ್ದೆ. ಕಾಂಪೌಂಡಿನ ಆಚೆ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದರು.

"ನೋಡಮ್ಮಾ, ಬೇಜಾರು ಮಾಡ್ಕೋಬೇಡ. ನಿಮ್ಮನೆ ಅವುಗಳ ವಾಸನೆ ನಮ್ಮ ತುಳಸಿಕಟ್ಟೆವರ್ಗೂ ಬರತ್ತೆ. ಒಂದೋ ಏನಾದ್ರೂ ಮಾಡು, ಇಲ್ಲ ಕಳ್ಸಿಬಿಡು."

ಕೋಳಿ ಎಂಬ ಪದವನ್ನು ಅವರು ಬಾಯಲ್ಲಿ ತರುತ್ತಿರಲಿಲ್ಲ. ನಿಮ್ಮನೆ ಅವು, ಅಷ್ಟೆ. ನನಗೆ ಸಿಟ್ಟು ನೆತ್ತಿಗೇರಿತು. ಕಳಿಸಿಬಿಟ್ಟರೆ ನಾನು ಯಾರನ್ನು ಮಾತನಾಡಿಸಲಿ? ಆದರೂ ಜಗಳಕ್ಕೆ ಬಾಯಿ ಬರಲಿಲ್ಲ. ಹಗಲು ಹೊತ್ತಿನಲ್ಲಿ ಯಾರಾದರೂ ನನ್ನನ್ನು ಮಾತನಾಡಿಸಿ ಎಷ್ಟೋ ದಿನವಾಗಿತ್ತು. "ಏನ್ ಮಾಡ್ಲಿ, ನೀವೇ ಹೇಳಿ ಅಮ್ಮಾ" ಅಂದುಬಿಟ್ಟೆ.

ಅವರಿಗೆ ಎಲ್ಲಿಲ್ಲದ ಹುರುಪು ಬಂತು. "ಮಣ್ಣು ತೆಗ್ಸು. ನಮ್ಮನೆ ಹಾಲ್ ಇದ್ಯಲ್ಲ, ಹಾಗೆ ಕೆಂಪು ಗಾರೆ ಹಾಕ್ಸು. ಒಂದು ಬಿಂದಿಗೆ ನೀರು ಹುಯ್ದ್ರೆ ಕನ್ನಡಿ ಆಗತ್ತೆ."

ಗಾರೆಯವನು ಬಂದ ದಿನ ಅವರು ಆಚೆ ಕಡೆ ಸ್ಟೂಲು ಹಾಕಿಕೊಂಡು ನಿಂತು ಮೇಸ್ತ್ರಿಕೆ ಮಾಡಿದರು. ಇಳಿಜಾರು ಕೊಡು, ಇನ್ನೊಂದು ಸಲ ಉಜ್ಜು ಎಂದು ಅವನ ತಲೆ ತಿಂದರು. "ಇಲ್ಲಿ ಗೃಹಪ್ರವೇಶ ಯಾವಾಗಮ್ಮಾ?" ಎಂದು ಅವನು ನಕ್ಕ. ನೆಲ ಒಣಗಿದ ಮೇಲೆ, ಹೊಸ ಮನೆಗೆ ಮಾಡುವಂತೆ, ನಾನು ತೆಂಗಿನೆಣ್ಣೆಯನ್ನೂ ಹಚ್ಚಿ ಹೊಳಪು ತಂದೆ. ಬುದ್ಧಿವಂತಿಕೆ ಅಂದರೆ ಇದು.

ಸಂಜೆ ಗೂಡಿಗೆ ನುಗ್ಗಿದ ಮೊದಲ ಕೋಳಿಯ ಕಾಲು ಎರಡೂ ಕಡೆಗೆ ಹರಡಿಕೊಂಡು ಎದೆ ನೆಲಕ್ಕೆ ಬಡಿಯಿತು. ಮಿಕ್ಕವು ಬಾಗಿಲಲ್ಲೇ ನಿಂತು ಅದನ್ನು ನೋಡಿದವು. ಹಿಡಿದು ಹಿಡಿದು ಒಳಗೆ ಹಾಕಿದೆ. ಕೆಲವೇ ದಿನಕ್ಕೆ, ನನ್ನ ಕೈಯಿಂದಲೇ ಕಾಳು ತಿನ್ನುತ್ತಿದ್ದ ಕಂದು ಹೇಟೆ ಕುಂಟತೊಡಗಿತು. "ಸಾಯೋಕ್ಮುಂಚೆ ಊರಿಗೆ ವಾಪಸ್ ಕಳ್ಸು" ಅಂದರು ಯಜಮಾನರು. ನಾನು ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ.

ಅಂದಿನಿಂದ ಪ್ರತಿ ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ಕೇಳುವುದು ಒಂದೇ ಮಾತು: "ಇವತ್ತೂ ಜಾರಿದ್ವಾ?"

ಗೋಣಿತಾಟು ಹಾಸಿದೆವು. ಒದ್ದೆಯಾಗಿ ಮುಗ್ಗಲು ಹಿಡಿಯಿತು. ಮರಳು ಸುರಿದೆವು. ಹಿಕ್ಕೆಯ ಜೊತೆ ಕಲೆತು ರಾಡಿಯಾಯಿತು. ಒಂದೊಂದು ಸೋಲಿಗೂ ಗೋಡೆಯ ಬಳಿ ದೊಡ್ಡ ಚರ್ಚೆ. ಹಾಗೇ ಮಾತು ಬೇರೆ ಕಡೆಗೂ ಹರಿಯುತ್ತಿತ್ತು. ಅವರು ಹುಣಸೆಹಣ್ಣಿನ ಗೊಜ್ಜು ಮಾಡುವುದು ಹೇಳಿಕೊಟ್ಟರು. ನಾನು ನಮ್ಮೂರ ಕೆರೆಯ ಕಥೆ ಹೇಳಿದೆ. ಬೆಳಗಾಗುವುದನ್ನೇ ಕಾಯುವಂತಾಯಿತು ನನಗೆ.

ಆಗ ಬೀದಿಯಲ್ಲಿ, ಸವೆದ ಒರಳನ್ನು ಉಳಿಯಿಂದ ಕುಟ್ಟಿ ಒರಟು ಮಾಡಿಕೊಡುವ ಹೆಂಗಸು ಕೂಗಿಕೊಂಡು ಹೋದಳು. ಒರಳಿಗೆ ಆಗುವುದು ನೆಲಕ್ಕೆ ಯಾಕಾಗಬಾರದು ಅನ್ನಿಸಿ ಅವಳನ್ನು ಒಳಗೆ ಕರೆದೆ. ಆ ಚೆಂದದ ನೆಲವನ್ನೆಲ್ಲ ಕುಟ್ಟಿಸಿ, ಮೇಲೆ ಅವ್ವ ಕಳಿಸಿದ ಭತ್ತದ ಹೊಟ್ಟು ಹರಡಿದೆ. ಕೋಳಿಗಳು ಧೈರ್ಯವಾಗಿ ಒಳಗೆ ನಡೆದವು. ವಾಸನೆಯೂ ನಿಂತಿತು. ಕಂದು ಹೇಟೆಯ ಕಾಲು ಸರಿಹೋಯಿತು, ಅದು ಮೊಟ್ಟೆ ಇಡಲು ಶುರುಮಾಡಿತು.

"ಸದ್ಯ, ಒಂದು ಯೋಚನೆ ಕಳೀತು" ಎಂದು ಪಕ್ಕದ ಮನೆಯಾಕೆ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ರೇಡಿಯೋ ಮಾತ್ರ ಕೇಳಿಸುತ್ತಿತ್ತು. ಕೋಳಿಗಳು ಉಳಿದವು, ನನಗೆ ಬೇಕಾಗಿದ್ದೂ ಅದೇ. ಆದರೂ ಮೊರ ಹಿಡಿದುಕೊಂಡು ಗೋಡೆಯ ಬಳಿ ಸುಮ್ಮನೆ ನಿಲ್ಲುತ್ತಿದ್ದೆ. ಕೋಳಿ ಮುಟ್ಟಿದ ಕೈಯವಳು ಅವರ ಬಾಗಿಲು ತಟ್ಟುವಂತಿರಲಿಲ್ಲ. ತಟ್ಟಿದರೂ ಏನೆಂದು ಕೇಳಲಿ?

ಕೊನೆಗೊಂದು ಬೆಳಿಗ್ಗೆ ತಡೆಯಲಾರದೆ ಕೂಗಿದೆ. "ಅಮ್ಮಾ, ಮತ್ತೆ ಜಾರ್ತಿವೆ."

ಹಾಡಿನ ಮಧ್ಯೆಯೇ ರೇಡಿಯೋ ನಿಂತಿತು. ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಅವರು ಗೋಡೆಯ ಬಳಿ ಬಂದು ಸ್ಟೂಲು ಹತ್ತಿದ್ದರು. ಇಬ್ಬರೂ ಗೂಡಿನೊಳಗೆ ನೋಡಿದೆವು. ಕೋಳಿಗಳು ಕಾಲೂರಿ ನಿಂತು ಹೊಟ್ಟು ಕೆದಕುತ್ತಿದ್ದವು. ಒಂದಾದರೂ ಜಾರಬೇಕಲ್ಲ. ನನ್ನ ಮುಖ ಬಿಸಿಯಾಯಿತು. ಅವರು ಬಹಳ ಹೊತ್ತು ನೋಡಿದರು.

"ಹೌದಮ್ಮಾ, ತುಂಬಾ ಜಾರ್ತಿವೆ" ಅಂದರು. "ನಾಳೆ ಬೆಳಿಗ್ಗೆನೂ ಬಂದು ನೋಡ್ತೀನಿ."